ಬೆಣ್ಣೆ ದೋಸೆ ಊರಲ್ಲಿ ಸ್ಟೀರಾಯ್ಡ್ ಮಾತ್ರೆ ತಗೊಳ್ಳುವವರಿಗೆ

ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆಯ ಸ್ಟ್ರಿಪ್ ಕೈಗೆ ಬಂದ ಕೂಡಲೇ ಮೆಡಿಕಲ್ ಶಾಪಲ್ಲಿ ಕೇಳಿಬರುವ ಪ್ರಶ್ನೆ ಇದು: "ಅಣ್ಣಾ, ಇದನ್ನ ಹಾಲಲ್ಲಿ ತಗಳ್ಳಬೋದಾ?" ತಗೊಳ್ಳಬಹುದು. ಸಾದಾ ಪ್ರೆಡ್ನಿಸೋಲೋನ್ ಮಾತ್ರೆಯ ಕೆಲಸಕ್ಕೆ ಹಾಲು ಅಡ್ಡ ಬರುವುದಿಲ್ಲ. ದಿನಕ್ಕೊಂದೇ ಹೊತ್ತು ಬರೆದಿದ್ದರೆ ಬೆಳಿಗ್ಗೆ ಎಂಟರ ಸುಮಾರಿಗೆ, ತಿಂಡಿ ಆದ ಮೇಲೆ ನುಂಗಿ. ಖಾಲಿ ಹೊಟ್ಟೆಗೆ ಹಾಕಿದರೆ ಉರಿ, ಸಂಜೆಗೆ ತಳ್ಳಿದರೆ ರಾತ್ರಿ ನಿದ್ದೆ ಹತ್ತಲ್ಲ. ಕರುಳಿಗೆ ಹೋದ ಮೇಲೆ ಕರಗಲಿ ಅಂತ ಲೇಪ ಹಾಕಿದ ಎಂಟರಿಕ್ ಕೋಟೆಡ್ ಮಾತ್ರೆಯ ಲೆಕ್ಕ ಮಾತ್ರ ಬೇರೆ. ಹಾಲು, ಗ್ಯಾಸಿನ ಸಿರಪ್ಪು ಎರಡೂ ಹೊಟ್ಟೆಯ ಆಮ್ಲ ತಗ್ಗಿಸಿ ಆ ಲೇಪವನ್ನು ಮೊದಲೇ ಬಿಚ್ಚಿಬಿಡುತ್ತವೆ. ಅದನ್ನು ನೀರಲ್ಲೇ ಇಡಿಯಾಗಿ ನುಂಗಿ, ಹಾಲಿಗೆ ಎರಡು ಗಂಟೆ ಬಿಡಿ.

ಹಾಲು ಯಾಕೆ ಬೇಕು ಅನ್ನುವುದು ಇದಕ್ಕಿಂತ ದೊಡ್ಡ ವಿಷಯ. ಸ್ಟೀರಾಯ್ಡ್ ಕರುಳು ಕ್ಯಾಲ್ಸಿಯಂ ಹೀರುವುದನ್ನು ಕಮ್ಮಿ ಮಾಡುತ್ತೆ, ಮೂತ್ರದಲ್ಲಿ ಹೋಗುವುದನ್ನು ಹೆಚ್ಚು ಮಾಡುತ್ತೆ. ಸಾಲದ್ದಕ್ಕೆ ಹೊಸ ಮೂಳೆ ಕಟ್ಟುವ ಜೀವಕೋಶಗಳನ್ನೂ ಮಂದ ಮಾಡುತ್ತೆ. ಮೂಳೆ ಅತಿ ವೇಗವಾಗಿ ಸವೆಯುವುದು ಮೊದಲ 3ರಿಂದ 6 ತಿಂಗಳಲ್ಲಿ. "ಸೊಂಟ ಹಿಡೀಲಿ, ಆಮೇಲೆ ನೋಡೋಣ" ಅಂತ ಕೂರುವವರು ಕಳಕೊಳ್ಳುವುದು ಆ ಹೊತ್ತನ್ನೇ. ದಿನಕ್ಕೆ 2.5 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೋಲೋನನ್ನು ಮೂರು ತಿಂಗಳು ದಾಟಿ ತಗೊಳ್ಳುವ ದೊಡ್ಡವರಿಗೆ ಊಟ, ಮಾತ್ರೆ ಎಲ್ಲಾ ಸೇರಿ ದಿನಕ್ಕೆ 1000ರಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗಬೇಕು, ಜೊತೆಗೆ 600ರಿಂದ 800 ಯೂನಿಟ್ ವಿಟಮಿನ್ ಡಿ.

ದಾವಣಗೆರೆಯವರು ಎಡವುವುದು ಇಲ್ಲೇ. ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲವನ್ನೂ ಒಂದೇ ಖಾತೆಗೆ ಬರೆದುಬಿಡುತ್ತೇವೆ. ಮೊಸರು ಕಡೆದಾಗ ಬೆಣ್ಣೆಯ ಜೊತೆ ಮೇಲೆ ಬರುವುದು ಕೊಬ್ಬು. ಕ್ಯಾಲ್ಸಿಯಂ ಹೆಚ್ಚುಕಮ್ಮಿ ಪೂರಾ ಕೆಳಗಿನ ಮಜ್ಜಿಗೆಯಲ್ಲೇ ಉಳಿಯುತ್ತೆ. 100 ಮಿಲಿ ಹಸುವಿನ ಹಾಲಲ್ಲಿ ಸುಮಾರು 120 ಮಿಲಿಗ್ರಾಂ ಇದ್ದರೆ, 100 ಗ್ರಾಂ ಬೆಣ್ಣೆಯಲ್ಲಿ 25ರ ಆಸುಪಾಸು. ದೋಸೆ ಮೇಲಿನ ಒಂದು ದೊಡ್ಡ ಚಮಚ ಬೆಣ್ಣೆಯಿಂದ ಮೂಳೆಗೆ ಸಿಗುವುದು ಮೂರ್ನಾಲ್ಕು ಮಿಲಿಗ್ರಾಂ, ಮೈಗೆ ಸೇರುವುದು ನೂರು ಕ್ಯಾಲರಿ. ತುಪ್ಪದಲ್ಲಿ ಅದೂ ಇಲ್ಲ. ಈ ಮಾತ್ರೆ ಹಸಿವನ್ನು ಕೆರಳಿಸುವುದರಿಂದ ಒಂದು ದೋಸೆಗೆ ಕೈ ನಿಲ್ಲುವುದೂ ಕಷ್ಟ. ತಿನ್ನಲೇಬೇಡಿ ಅಂತಲ್ಲ. ರುಚಿಗೆ ತಿನ್ನಿ, ಶಕ್ತಿಗೆ ಅಂತ ಹೇಳಿಕೊಂಡು ತಿನ್ನಬೇಡಿ.

ಹಾಗಂತ ಮಜ್ಜಿಗೆ ನಂಬಿ ಕೂರುವಂತೆಯೂ ಇಲ್ಲ. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಬೆರೆಸಿದ ಮಜ್ಜಿಗೆಯ 200 ಮಿಲಿ ಲೋಟದಲ್ಲಿ ಇರುವುದು ಬರೀ 60 ಮಿಲಿಗ್ರಾಂ. ಅದರ ಬದಲು ಗಟ್ಟಿ ಮೊಸರು 150 ಗ್ರಾಂ ಬಟ್ಟಲು ತಿಂದರೆ 180 ಸಿಗುತ್ತೆ. 200 ಮಿಲಿಯ ಎರಡು ಲೋಟ ಹಾಲಿಗೆ 480. ಚಿತ್ರದುರ್ಗದ ಕಡೆಯವರ ಪುಣ್ಯಕ್ಕೆ ರಾಗಿ ಇದೆ: 80 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ 280ರಷ್ಟು, ಆದರೆ ಅಷ್ಟೂ ಮೈಗೆ ಹತ್ತಲ್ಲ, ಮೊಳಕೆ ಕಟ್ಟಿದ ರಾಗಿಯಾದರೆ ವಾಸಿ. ಎಲ್ಲ ಕೂಡಿದರೆ 900 ದಾಟುತ್ತೆ, ಉಳಿದಿದ್ದಕ್ಕೆ ಸೊಪ್ಪು, ಎಳ್ಳು ಪುಡಿ. ಕೆನೆ ತೆಗೆದರೂ ಹಾಲಿನ ಕ್ಯಾಲ್ಸಿಯಂ ಕಮ್ಮಿಯಾಗಲ್ಲ, ಹಾಗಾಗಿ ತೂಕ ಏರುತ್ತಿರುವವರು ಕೆನೆ ತೆಗೆದೇ ಕುಡಿಯಲಿ. ವಿಟಮಿನ್ ಡಿ ಮಾತ್ರ ಹಾಲಲ್ಲಿ ತಾನಾಗಿ ಇರುವುದು ಅತ್ಯಲ್ಪ. ಪ್ಯಾಕೆಟ್ ಮೇಲೆ '+ಎಫ್' ಗುರುತಿದ್ದರೆ ಸೇರಿಸಿದ್ದಾರೆ ಅಂತ ಅರ್ಥ.

ಉಪ್ಪು, ಸಕ್ಕರೆ ಎರಡಕ್ಕೂ ಕೈ ಬಿಗಿ ಹಿಡಿಯಬೇಕು. ಸ್ಟೀರಾಯ್ಡ್ ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತೆ. ಕಾಲು ಊದಿ ಬಿಪಿ ಏರುವುದು ಅದರಿಂದ. ಉಪ್ಪು ಸುರಿದ ಮಜ್ಜಿಗೆ, ಉಪ್ಪಿನ ಬೆಣ್ಣೆ, ಚೀಸ್ ಸ್ಲೈಸು ಬೇಡ (ಸಂಜೆ ಮಂಡಕ್ಕಿ ಮಿರ್ಚಿಯ ಉಪ್ಪು ಲೆಕ್ಕಕ್ಕೇ ಬರಲ್ಲ ಅಂದುಕೊಳ್ಳುವವರೂ ಇದ್ದಾರೆ). ಬೆಳಿಗ್ಗೆ ನುಂಗಿದ ಮಾತ್ರೆ ಸಕ್ಕರೆ ಏರಿಸುವುದು ಮಧ್ಯಾಹ್ನದಿಂದ ಸಂಜೆವರೆಗೆ. ಪೇಡ, ಬಾದಾಮಿ ಹಾಲು, ಡಬ್ಬಿ ಪುಡಿ ಕಲಸಿದ ಹಾಲು ಆ ಹೊತ್ತಿಗೇ ಬಿದ್ದರೆ ಏರಿದ ಮೇಲೆ ಏರು. ಶುಗರ್ ಇರುವವರು ಬೆಳಗಿನ ಫಾಸ್ಟಿಂಗ್ ಒಂದನ್ನೇ ನೋಡಿ ಸಮಾಧಾನ ಪಡದೆ ಮಧ್ಯಾಹ್ನ ಊಟವಾಗಿ ಎರಡು ಗಂಟೆ ಆದ ಮೇಲೂ ಒಮ್ಮೆ ಪರೀಕ್ಷಿಸಿಕೊಳ್ಳಲಿ.

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆ ಮೇಕೆಯ ನೊರೆಹಾಲು ನಿತ್ರಾಣಕ್ಕೆ ಒಳ್ಳೇದು ಅಂತ ಕೊಡುವುದುಂಟು. ಸ್ಟೀರಾಯ್ಡ್ ತಗೊಳ್ಳುವವರಿಗೆ ಹಸಿ ಹಾಲು ಖಂಡಿತ ಬೇಡ. ಬ್ರುಸೆಲ್ಲಾ ರೋಗಾಣುವಿನ ಜ್ವರ, ದನದ ಟಿಬಿ ಹಸಿ ಹಾಲಿನಿಂದ ಬರುತ್ತವೆ, ತಡೆಯುವ ಶಕ್ತಿ ಈ ಮಾತ್ರೆಯಿಂದ ಕುಗ್ಗಿರುತ್ತೆ. ಮೇಲಾಗಿ ಮಾತ್ರೆ ಜ್ವರವನ್ನೂ ಮುಚ್ಚಿಡುವುದರಿಂದ ಬೇನೆ ತಡವಾಗಿ ಗೊತ್ತಾಗುತ್ತೆ. ಕೆನೆ ಏರಿ ಮೊದಲ ಉಕ್ಕು ಬಂದ ಕೂಡಲೇ ಇಳಿಸದೆ, ಉರಿ ಸಣ್ಣ ಮಾಡಿ ಸೌಟಾಡಿಸುತ್ತಾ ಇನ್ನೆರಡು ಮೂರು ನಿಮಿಷ ಕುದಿಸಿ. ಗಿಣ್ಣ ಮಾಡಿದರೆ ನಡುಭಾಗದವರೆಗೂ ಗಟ್ಟಿಯಾಗುವಷ್ಟು ಹಬೆಯಲ್ಲಿ ಬೇಯಬೇಕು.

ಹಾಲಿಗೂ ಸಾದಾ ಸ್ಟೀರಾಯ್ಡ್ ಮಾತ್ರೆಗೂ ಜಗಳವಿಲ್ಲದಿದ್ದರೂ ಅದೇ ಚೀಟಿಯ ಬೇರೆ ಮಾತ್ರೆಗಳಿಗಿದೆ. ಡಾಕ್ಸಿಸೈಕ್ಲಿನ್, ಸಿಪ್ರೋಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್‌ಗಳು ಹಾಲಿನ ಕ್ಯಾಲ್ಸಿಯಂಗೆ ಅಂಟಿಕೊಂಡು ಒಂದಷ್ಟು ಪಾಲು ರಕ್ತಕ್ಕೆ ಸೇರದೆ ಹೊರಟುಹೋಗುತ್ತವೆ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಲಿ. ಮೂಳೆಗೆಂದು ವಾರಕ್ಕೊಂದು ಅಲೆಂಡ್ರೋನೇಟ್ ಬರೆದಿದ್ದರೆ ಎದ್ದ ಕೂಡಲೇ ಒಂದು ಲೋಟ ಬರೀ ನೀರಲ್ಲಿ ನುಂಗಿ, ಅರ್ಧ ಗಂಟೆ ಮಲಗಬಾರದು, ಚಹಾ, ಹಾಲು ಯಾವುದೂ ಮುಟ್ಟಬಾರದು. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ ಊಟದ ಜೊತೆ, ಅದರಲ್ಲಿನ ಕ್ಯಾಲ್ಸಿಯಂ ಒಂದು ಸಲಕ್ಕೆ 500 ಮಿಲಿಗ್ರಾಂ ಮೀರದಂತೆ. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಝೋಲ್ ದಿನಾ ನಡೆಯುತ್ತಿದ್ದರೆ ಕಾರ್ಬೊನೇಟ್ ಸರಿಯಾಗಿ ಹತ್ತಲ್ಲ, ಸಿಟ್ರೇಟ್ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ.

ಕಿಡ್ನಿ ಸೋತವರು, ಕಲ್ಲು ಆಗಿದ್ದವರು ಮೇಲಿನ ಲೆಕ್ಕ ನೋಡಿ ಹಾಲು ಏರಿಸಬಾರದು. ಸೋತ ಕಿಡ್ನಿ ಹಾಲಿನ ಫಾಸ್ಫರಸ್ ಹೊರಹಾಕದು, ಅವರ ಅಳತೆಯನ್ನು ನೋಡಿಕೊಳ್ಳುತ್ತಿರುವ ಡಾಕ್ಟರೇ ಹೇಳಬೇಕು. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅಂದು ಭೇದಿಯಾಗುವವರು ಮೊಸರಿಗೆ ಬದಲಾಯಿಸಿಕೊಳ್ಳಲಿ, ಆದರೆ ಅದೇ ನೆಪದಲ್ಲಿ ಸ್ಟೀರಾಯ್ಡನ್ನು ದಿಢೀರ್ ನಿಲ್ಲಿಸಬೇಡಿ; ಮೂರು ವಾರ ದಾಟಿದವರಲ್ಲಿ ಮೈ ತನ್ನದೇ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ತಯಾರಿಕೆಯನ್ನು ಕೈಬಿಟ್ಟಿರಬಹುದು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.