ಒಂದೇ ಹೊಳೆಯ ಎರಡು ತುದಿ

ನನ್ನ ತವರು ಶಿರಸಿ. ಗಂಡನ ಮನೆ ಕುಮಟಾ ತಾಲ್ಲೂಕಿನ ಹೊಳೆಬದಿಯ ಒಂದು ಹಳ್ಳಿ. ಎರಡೂ ಕಡೆ ಹೊಳೆ ಒಂದೇ, ಅಘನಾಶಿನಿ. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕಿ, ಕಾಡು, ತೋಟ, ಗದ್ದೆ ದಾಟಿ ತದಡಿ ಹತ್ತಿರ ಸಮುದ್ರ ಸೇರುತ್ತದೆ. ನಡುವೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಹಾಗಾಗಿ ತವರಿನ ಚರಂಡಿಗೆ ಬಿದ್ದ ಶಾಂಪೂ ಚೀಟಿ ಮಳೆಗಾಲದಲ್ಲಿ ಗಂಡನ ಮನೆ ಬಾಗಿಲಿಗೆ ಬಂದರೆ ಆಶ್ಚರ್ಯ ಏನೂ ಇಲ್ಲ. ಬಂದೇ ಬರುತ್ತದೆ. ನೆರೆ ಇಳಿದ ಮೇಲೆ ಹೊಳೆಬದಿಯ ಉಪ್ಪುನೀರಿನ ಕಾಂಡ್ಲಾ ಗಿಡಗಳ ಬೇರು ನೋಡಿದರೆ ಗೊತ್ತಾಗುತ್ತದೆ. ಬಣ್ಣಬಣ್ಣದ ಚೂರುಗಳು ಸಿಕ್ಕಿಕೊಂಡಿರುತ್ತವೆ.

ಮನೆಯಲ್ಲಿ ಪರಿಸರಕ್ಕೆ ಹೊಂದಿಕೊಂಡು ಬದುಕಲು ಏನು ಮಾಡಬೇಕು ಅಂತ ನಾನು ಕೆಲಸ ಮಾಡುವ ಸೊಸೈಟಿಯ ಸಹೋದ್ಯೋಗಿಗಳು ಆಗಾಗ ಕೇಳುತ್ತಾರೆ. ಏನು ಕೊಳ್ಳಬೇಕು ಅನ್ನುವುದು ಅವರ ಪ್ರಶ್ನೆ. ಬಿದಿರಿನ ಬ್ರಷ್ಷಾ, ಬಟ್ಟೆ ಚೀಲವಾ, ತಾಮ್ರದ ಬಾಟ್ಲಿಯಾ ಅಂತ. ನಾನು ಕೇಳುವುದು ಬೇರೆ. ಮನೆಯೊಳಗೆ ಬಂದ ವಸ್ತು ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ? ಅದಕ್ಕೆ ಹೋಗುವ ಜಾಗ ಇದ್ದರೆ ತರುತ್ತೇನೆ. ಇಲ್ಲದಿದ್ದರೆ ತರುವ ಮೊದಲು ಇನ್ನೊಮ್ಮೆ ಯೋಚಿಸುತ್ತೇನೆ.

ತವರಿನಲ್ಲಿ ಎಲ್ಲದಕ್ಕೂ ಒಂದು ಜಾಗ ಇತ್ತು. ತರಕಾರಿ ಸಿಪ್ಪೆ, ಅನ್ನದ ತಿಳಿ ಸೇರಿ ದನಕ್ಕೆ ಅಕ್ಕಚ್ಚು. ಉಂಡ ಬಾಳೆ ಎಲೆ ಗೊಬ್ಬರದ ಗುಂಡಿಗೆ. ಕರಟ, ಅಡಿಕೆ ಸಿಪ್ಪೆ ಬಚ್ಚಲ ಒಲೆಗೆ. ಒಲೆಯ ಬೂದಿ ಪಾತ್ರೆ ತಿಕ್ಕಲಿಕ್ಕೆ, ಉಳಿದದ್ದು ಬಸಳೆ ಬುಡಕ್ಕೆ. ಸಗಣಿ ಗೋಬರ್ ಗ್ಯಾಸಿಗೆ, ಅದರ ಬಗ್ಗಡ ತೋಟಕ್ಕೆ. ಹಾಗಂತ ಅಂದು ಎಲ್ಲವೂ ಸರಿಯಿತ್ತು ಅಂತ ನಾನು ಹೇಳುವುದಿಲ್ಲ. ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟವನ್ನು ಮಿತಿ ಮೀರಿ ಸವರಿದ ಕುಟುಂಬಗಳೂ ಇದ್ದವು. ಅಡುಗೆಮನೆ ಹೊಗೆಯಲ್ಲಿ ಹೆಂಗಸರ ಕಣ್ಣು ಹಾಳಾಯಿತು. ಆದರೆ ಕಾಡು ಮುಗಿಯುವ ವಸ್ತು ಅನ್ನುವ ತಿಳಿವಳಿಕೆಯೂ ಇದೇ ಊರುಗಳಲ್ಲಿ ಹುಟ್ಟಿತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ನಮ್ಮ ಅಪ್ಪ ಆ ಕಥೆ ಹೇಳುವಾಗಲೆಲ್ಲ ದನಿ ಬೇರೆಯೇ ಆಗುತ್ತದೆ.

ಈಗ ಅದೇ ಬಚ್ಚಲ ಒಲೆಯ ವಿಷಯಕ್ಕೆ ಬರುತ್ತೇನೆ. ನನಗೆ ಜಾಸ್ತಿ ಸಂಕಟ ಕೊಡುವುದು ಅದೇ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಇವತ್ತು ಪ್ಲಾಸ್ಟಿಕ್ ಹೋಗುವ ಜಾಗ ಬಚ್ಚಲ ಒಲೆ. ಬೆಳಿಗ್ಗೆ ಬೆಂಕಿ ಹೊತ್ತಿಸಲಿಕ್ಕೆ ಹಾಲಿನ ಪ್ಯಾಕೆಟ್. ಮಳೆಗಾಲದಲ್ಲಿ ಸೌದೆ ಹಸಿ ಇದ್ದರೆ ಇನ್ನೆರಡು. ಅದರ ಜೊತೆ ಪೈಪಿನ ತುಂಡು, ರೆಕ್ಸಿನ್ ಚೀಲ, ಹರಿದ ಚಪ್ಪಲಿ ಎಲ್ಲ ಹೋಗುತ್ತದೆ. ಪೈಪು, ರೆಕ್ಸಿನ್‌ಗಳಲ್ಲಿರುವ ಪಿವಿಸಿ ಎಂಬ ಪ್ಲಾಸ್ಟಿಕ್ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಹೊಗೆಯಲ್ಲಿ ಹೋಗಿ ಹುಲ್ಲಿನ ಮೇಲೆ ಕೂರುತ್ತದೆ, ಹುಲ್ಲಿನಿಂದ ದನಕ್ಕೆ, ದನದಿಂದ ಹಾಲಿನ ಕೊಬ್ಬಿಗೆ. ಬೂದಿಯನ್ನಂತೂ ನಾವೇ ಕೈಯಾರೆ ಬಸಳೆ ಬುಡಕ್ಕೆ ಹಾಕುತ್ತೇವೆ. ಸುಟ್ಟರೆ ಮಾಯವಾಯಿತು ಅಂದುಕೊಳ್ಳುತ್ತೇವೆ. ಮಾಯವಾಗುವುದಿಲ್ಲ, ಊಟದ ಎಲೆಗೆ ವಾಪಸ್ ಬರುತ್ತದೆ.

ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಇದನ್ನು ಹೇಳಿದಾಗ ಅವಳು, "ಹೌದೇ, ಆದ್ರೆ ಪ್ಯಾಕೆಟ್ ತೊಳೆದು ಇಟ್ಕಂಡು ಎಂತ ಮಾಡೂದು?" ಅಂದಳು. ಸರಿಯಾದ ಪ್ರಶ್ನೆ. ಬೇಡ ಅಂತ ಹೇಳಿದರೆ ಸಾಲದು, ಜಾಗ ತೋರಿಸಬೇಕು ಅಲ್ವಾ? ಈಗ ಎರಡೂ ಮನೆಯಲ್ಲಿ ಒಂದೇ ಪದ್ಧತಿ. ಪ್ಯಾಕೆಟ್ಟಿನ ಮೂಲೆ ಕತ್ತರಿಸುವಾಗ ಆ ಚಿಕ್ಕ ತುಂಡನ್ನು ಪೂರ್ತಿ ಬೇರೆ ಮಾಡುವುದಿಲ್ಲ. ಬೇರೆಯಾದರೆ ಅದು ಖಂಡಿತ ಕಳೆದುಹೋಗುತ್ತದೆ, ಚರಂಡಿ ಸೇರುತ್ತದೆ. ಒಳಗೆ ಸ್ವಲ್ಪ ನೀರು ಹಾಕಿ ಕುಲುಕಿ ಆ ನೀರನ್ನು ದಾಸವಾಳಕ್ಕೆ ಹೊಯ್ಯುವುದು. ಪ್ಯಾಕೆಟ್ಟನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸುವುದು. ತುಂಬಿದ ಚೀಲವನ್ನು ಪಂಚಾಯ್ತಿಯ ಒಣ ಕಸದ ಗಾಡಿಗೆ ಕೊಡುವುದು. ತೊಳೆದು ಒಣಗಿಸಿದ್ದಕ್ಕೆ ಮಾತ್ರ ಮರುಬಳಕೆಯ ದಾರಿ ಇದೆ. ಹುಳಿ ವಾಸನೆಯ ಪ್ಯಾಕೆಟ್ ಕೊಟ್ಟರೆ ಅದನ್ನು ವಿಂಗಡಿಸುವ ಹೆಂಗಸರ ಕೈಗೆ ನಾವು ನಮ್ಮ ಗಲೀಜು ಕೊಟ್ಟ ಹಾಗೆ. ಬೆಂಕಿ ಹೊತ್ತಿಸಲಿಕ್ಕೆ ಏನು ಅಂದರೆ, ಬೇಸಿಗೆಯಲ್ಲೇ ಒಣ ಸೋಗೆ, ತೆಂಗಿನ ಗರಿ ಕಟ್ಟಿ ಅಟ್ಟಕ್ಕೆ ಹಾಕಿಟ್ಟರೆ ಆಯ್ತು. ಮೊದಲೆಲ್ಲ ಎಲ್ಲರೂ ಮಾಡುತ್ತಿದ್ದದ್ದೇ.

ಕುಮಟಾ ಕಡೆ ನಮಗೆ ದನ ಇಲ್ಲ, ಹಾಗಾಗಿ ಅಕ್ಕಚ್ಚಿನ ದಾರಿ ಮುಚ್ಚಿದೆ. ಹಸಿ ಕಸಕ್ಕೆ ಹಿತ್ತಲಲ್ಲಿ ಒಂದು ಡ್ರಮ್ ಇಟ್ಟಿದ್ದೇವೆ. ತಳಕ್ಕೆ ತೂತು, ಅಡಿಗೆ ಎರಡು ಕಲ್ಲು. ಇಲ್ಲಿನ ಮಳೆ ವರ್ಷಕ್ಕೆ 3000 ಮಿಲಿಮೀಟರ್ ಮೀರುತ್ತದೆ. ಒಣ ಊರಿನವರು ಹೇಳಿಕೊಡುವ ಗೊಬ್ಬರದ ಪಾಠ ಇಲ್ಲಿ ಆಷಾಢದಲ್ಲಿ ಕೊಳೆತು ನಾರುತ್ತದೆ. ನಮ್ಮ ಕಡೆಯ ಗುಟ್ಟು ಇಷ್ಟೇ: ದರಕು. ಏಪ್ರಿಲ್, ಮೇ ತಿಂಗಳಲ್ಲಿ ಹಲಸು, ಮಾವಿನ ಒಣ ಎಲೆ ಗುಡಿಸಿ ಗೋಣಿಚೀಲಕ್ಕೆ ತುಂಬಿ ಜಗಲಿಯ ಮೂಲೆಯಲ್ಲಿ ಪೇರಿಸಿಡಬೇಕು. ಒಂದು ಮುಷ್ಟಿ ಸಿಪ್ಪೆಗೆ ಎರಡು ಮುಷ್ಟಿ ದರಕು. ಮೊದಲ ಸಲ ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸಿದರೆ ಬೇಗ ಹಿಡಿಯುತ್ತದೆ. ಕೈಯಲ್ಲಿ ಹಿಂಡಿದಾಗ ನೀರು ತೊಟ್ಟಿಕ್ಕಿದರೆ ಇನ್ನಷ್ಟು ದರಕು ಬೇಕು ಅಂತ ಅರ್ಥ. ವಾಸನೆ ಬಂದರೂ ಅಷ್ಟೇ. ಮುಚ್ಚಳದ ಮೇಲೆ ಒಂದು ಭಾರದ ಕಲ್ಲು, ಹೆಗ್ಗಣಕ್ಕೆ. ಅಂಗಳದ ದರಕು ಗುಡಿಸಿ ಬೆಂಕಿ ಹಾಕುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮಳೆಗಾಲಕ್ಕೆ ಬೇಕಾದದ್ದನ್ನೇ ಸುಡುತ್ತಿದ್ದಾರೆ.

ಇನ್ನು ಅಂಟುವಾಳ. ಬಟ್ಟೆಗೂ ಪಾತ್ರೆಗೂ ನಾನು ಅದನ್ನು ಬಳಸುತ್ತೇನೆ. ಕಾಯಿ ಒಡೆದು ಬೀಜ ತೆಗೆದು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ ಸೋಸಿದರೆ ಚೆನ್ನಾಗಿ ನೊರೆ ಬರುತ್ತದೆ. ಆದರೆ ಇದು ಮರದ ಕಾಯಿ, ಹೊಳೆಗೆ ಏನೂ ಆಗುವುದಿಲ್ಲ ಅನ್ನುವುದು ತಪ್ಪು. ನೊರೆ ಕೊಡುವ ಅದೇ ಸಪೋನಿನ್ ಮೀನಿನ ಕಿವಿರಿಗೆ ವಿಷ. ಹಾಗಾಗಿ ಅಂಟುವಾಳವಾದರೂ ಹೊಳೆಗೆ ಇಳಿದು ಬಟ್ಟೆ ಒಗೆಯುವುದಿಲ್ಲ. ಬಚ್ಚಲ ನೀರೆಲ್ಲ ಬಾಳೆ ಬುಡಕ್ಕೆ. ಮಣ್ಣು ಅದನ್ನು ಅರಗಿಸಿಕೊಳ್ಳುತ್ತದೆ.

ನಮ್ಮ ಹೊಳೆ ಇಷ್ಟು ಎಚ್ಚರ ಬೇಡುವುದಕ್ಕೆ ಕಾರಣ ಇದೆ. ಇಳಿತದ ಹೊತ್ತಿಗೆ ಹೊಳೆ ಸಮುದ್ರ ಸೇರುವ ಅಳಿವೆಯ ಕಡೆ ಹೋದರೆ ಹೆಂಗಸರು, ಗಂಡಸರು ಮೊಣಕಾಲು ಕೆಸರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿ ಹೆಕ್ಕುತ್ತಿರುತ್ತಾರೆ. ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದ. ಬಳಚು ನೀರು ಒಳಗೆಳೆದು, ಸೋಸಿ, ಸಿಕ್ಕ ಆಹಾರ ಉಳಿಸಿಕೊಂಡು ನೀರು ಹೊರಗೆ ಬಿಡುತ್ತದೆ. ನೀರಿನಲ್ಲಿ ಏನಿದೆಯೋ ಅದು ಬಳಚಿನ ಮೈಗೂ ಸೇರುತ್ತದೆ. ನಾವು ಬಳಚು ತಿನ್ನುವವರಲ್ಲ. ಆದರೆ ಪಕ್ಕದ ಮನೆಯ ಮಕ್ಕಳು ತಿನ್ನುತ್ತಾರೆ. ಅದೇ ಅಳಿವೆಯ ಪಕ್ಕದ ಗಜನಿ ಭೂಮಿಯಲ್ಲಿ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎಂಬ ಮನ್ನಣೆ ಸಿಕ್ಕಿತು. ತುಂಬಾ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಮನ್ನಣೆ ಸಿಕ್ಕ ಜಾಗಕ್ಕೂ ಕಸ ಹಾಗೇ ಬರುತ್ತದೆ ಅನ್ನುವುದು ಬೇರೆ ಮಾತು.

ಹಬ್ಬಗಳಲ್ಲಿ ಚೌತಿಯದ್ದೇ ದೊಡ್ಡ ವಿಷಯ. ನಮ್ಮ ಕಡೆ ಗಣಪತಿ ಮಾಡುವವರಿಗೆ ಮೊದಲೇ ಮಣೆ ಕೊಟ್ಟು ಬರುವ ರೂಢಿ ಇದೆ. ಮಣೆ ಕೊಡುವ ದಿನವೇ ಹೇಳಿಬಿಡುತ್ತೇವೆ, ಹೊಳೆಯುವ ಬಣ್ಣ ಬೇಡ, ಶೇಡಿ ಎಂಬ ಬಿಳಿ ಮಣ್ಣು, ಕೆಮ್ಮಣ್ಣು ಸಾಕು ಅಂತ. ಮಣ್ಣಿನ ಮೂರ್ತಿಯೇ ತಂದು ಅದರ ಮೈಗೆ ಎಣ್ಣೆ ಬಣ್ಣ ಬಳಿದರೆ ಏನು ಬಂತು? ಕಣ್ಣು, ಹುಬ್ಬು ಮಾತ್ರ ಕಪ್ಪು. ನೋಡಲಿಕ್ಕೆ ಎಷ್ಟು ಶಾಂತ ಮುಖ ಬರುತ್ತದೆ ಗೊತ್ತಾ! ಅಲಂಕಾರಕ್ಕೆ ಥರ್ಮಾಕೋಲ್ ಮಂಟಪ ಬಂದು ಎಷ್ಟೋ ಮನೆಗಳಲ್ಲಿ ಕಾಯಿ, ಹೂ ಕಟ್ಟುವ ಫಲಾವಳಿ ಸಣ್ಣದಾಗಿತ್ತು. ಅಲಂಕಾರದ ಥರ್ಮಾಕೋಲಿಗೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಇದೆ. ಆದರೂ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಿಗುತ್ತದೆ.

ಫಲಾವಳಿಯ ಮುಂದೆ ಯಾವ ಮಂಟಪ ನಿಲ್ಲುತ್ತದೆ ಹೇಳಿ. ಮರದ ಚೌಕಟ್ಟಿಗೆ ಅಡಿಕೆಯ ಸಿಂಗಾರ ಹೂ, ಹಸಿ ಅಡಿಕೆ ಗೊನೆ, ತೆಂಗಿನಕಾಯಿ, ಮೊಗೆಕಾಯಿ, ಕಂಚಿಕಾಯಿ, ಹಾಗಲ, ಮಾದಲ, ಬೇಲಿಯ ಗೌರಿ ಹೂ. ಕಟ್ಟಲಿಕ್ಕೆ ಬಾಳೆ ನಾರು. ಹಿಂದಿನ ದಿನ ಮಕ್ಕಳನ್ನು ಕರೆದುಕೊಂಡು ಬೆಟ್ಟಕ್ಕೆ ಹೋಗಿ ಕಾಯಿ, ಹೂ ತರುತ್ತೇವೆ. ಒಂದು ಬಳ್ಳಿಯಿಂದ ಎಲ್ಲವನ್ನೂ ಕೀಳಬಾರದು ಅಂತ ಮಾವ ಪ್ರತಿ ವರ್ಷ ಹೇಳುತ್ತಾರೆ. ಗಿಡದ ಹೆಸರು ಮಗಳಿಗೆ ಬಾಯಿಪಾಠ ಆದದ್ದು ಹೀಗೆ. ಹಬ್ಬ ಮುಗಿದ ಮೇಲೆ ಕಾಯಿ ಅಡುಗೆಗೆ, ಹೂ ಎಲೆ ಡ್ರಮ್ಮಿಗೆ. ಗಣಪತಿಯನ್ನು ಅಂಗಳದ ದೊಡ್ಡ ಕಡಾಯಿಯಲ್ಲಿ ಮುಳುಗಿಸಿ, ಕರಗಿದ ಮಣ್ಣನ್ನು ತೆಂಗಿನ ಬುಡಕ್ಕೆ ಹಾಕುತ್ತೇವೆ. ಮೊದಲು ಅತ್ತೆಗೆ ಹೊಳೆಯಲ್ಲೇ ಬಿಡಬೇಕು ಅಂತ ಮನಸ್ಸಿತ್ತು. ಈಗ ಮಂತ್ರ ಹೇಳಿ ಕಡಾಯಿಗೆ ಹೊಳೆ ನೀರು ಸೇರಿಸುವವರು ಅವರೇ.

ಮದುವೆ, ಉಪನಯನದ ಊಟದ ಪಂಕ್ತಿಯಲ್ಲಿ ಮಾತ್ರ ನನಗೆ ಸಮಾಧಾನವೇ ಇಲ್ಲ. ಬಾಳೆ ಎಲೆ ಹಾಕುತ್ತಾರೆ, ಅದರ ಪಕ್ಕದಲ್ಲೇ ಪುಟ್ಟ ಪ್ಲಾಸ್ಟಿಕ್ ನೀರಿನ ಬಾಟ್ಲಿ. ಅರ್ಧ ಕುಡಿದು ಅಲ್ಲೇ ಬಿಟ್ಟು ಏಳುತ್ತಾರೆ. ಬಾಗಿಲಿಗೆ ಬಂದವರಿಗೆ ಆಸರಿಗೆ ಬೆಲ್ಲ ನೀರು ಕೊಟ್ಟು ಮಾತಾಡಿಸುವ ಊರು ನಮ್ಮದು. ಸ್ಟೀಲ್ ಲೋಟ, ಜಗ್ಗು ಬಾಡಿಗೆಗೆ ಎಲ್ಲ ಕಡೆ ಸಿಗುತ್ತವೆ. ನೀರು ಬಡಿಸಲಿಕ್ಕೆ ಇಬ್ಬರು ಹುಡುಗರು ಬೇಕು, ಅಷ್ಟೇ. ನಮ್ಮ ಮನೆಯ ಕಾರ್ಯಗಳಲ್ಲಿ ಅಡುಗೆಯವರಿಗೆ ಮೊದಲೇ ಹೇಳುತ್ತೇವೆ. ಯಾರೂ ಬೇಜಾರು ಮಾಡಿಕೊಂಡಿಲ್ಲ. ನೀರಿಗೆ ಸ್ವಲ್ಪ ಲಾವಂಚದ ಬೇರು ಹಾಕಿ ಇಟ್ಟರೆ ಕೇಳಿ ಕೇಳಿ ಕುಡಿಯುತ್ತಾರೆ.

ಮೇ ರಜೆ ಬಂದರೆ ಬೆಂಗಳೂರಿನಿಂದ ಭಾವನ ಮನೆಯವರು, ಅಕ್ಕನ ಮಕ್ಕಳು ಎಲ್ಲ ಬರುತ್ತಾರೆ. ಮನೆ ತುಂಬುತ್ತದೆ. ಅವರಿಗೆ ನಾನು ಎರಡು ಮಾತು ಫೋನಿನಲ್ಲೇ ಹೇಳುತ್ತೇನೆ. ಕಾರು ಬೇಡ, ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಬನ್ನಿ, ರಾತ್ರಿ ಹತ್ತಿದರೆ ಬೆಳಿಗ್ಗೆ ಕುಮಟಾ. ಒಬ್ಬೊಬ್ಬರಿಗೆ ಒಂದು ನೀರಿನ ಬಾಟ್ಲಿ, ಒಂದು ಬಟ್ಟೆ ಚೀಲ ಇರಲಿ. ಇಲ್ಲಿಗೆ ಬಂದ ಮೇಲೆ ತಿರುಗಾಟಕ್ಕೆ ಬಸ್ಸಿದೆ, ದೋಣಿ ಇದೆ. ಅಘನಾಶಿನಿ ಊರಿನಿಂದ ತದಡಿಗೆ ದೋಣಿಯಲ್ಲಿ ದಾಟಿ, ಅಲ್ಲಿಂದ ಗೋಕರ್ಣಕ್ಕೆ ಹೋಗುವುದು ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟ. ಕಾರಿನ ಕಿಟಕಿಯಲ್ಲಿ ಈ ಹೊಳೆ ಅರ್ಧ ನಿಮಿಷ ಕಾಣುತ್ತದೆ. ದೋಣಿಯಲ್ಲಿ ಅದರ ಅಗಲ ಮೈಗೆ ಗೊತ್ತಾಗುತ್ತದೆ.

ಯಾಣಕ್ಕೆ, ಸಹಸ್ರಲಿಂಗಕ್ಕೆ ಹೋದರೂ ಬುತ್ತಿ ನಮ್ಮದೇ. ಅವಲಕ್ಕಿ, ಬಾಳೆಹಣ್ಣು, ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ. ಚಿಪ್ಸ್ ಪ್ಯಾಕೆಟ್ ಬೇಕೇ ಬೇಕು ಅಂತ ಮಕ್ಕಳು ಹಟ ಮಾಡಿದರೆ ಬೈಯುವುದಿಲ್ಲ. ಖಾಲಿ ಪ್ಯಾಕೆಟ್ ತಿಂದವರ ಜೇಬಿನಲ್ಲೇ ಮನೆಗೆ ಬರಬೇಕು, ಅಷ್ಟೇ ಕರಾರು. ಕಾಡಿನ ನಡುವಿನ ಕಸದ ಬುಟ್ಟಿಯನ್ನು ನಾನು ನಂಬುವುದಿಲ್ಲ. ಮಂಗಗಳು ಒಂದೇ ಗಳಿಗೆಯಲ್ಲಿ ಅದನ್ನು ಖಾಲಿ ಮಾಡುತ್ತವೆ, ಗಾಳಿ ಉಳಿದದ್ದನ್ನು ಹಳ್ಳಕ್ಕೆ ಹಾಕುತ್ತದೆ.

ಹೊನ್ನಾವರದ ಕಾಸರಕೋಡಕ್ಕೂ ಹೋಗುತ್ತೇವೆ. 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಸ್ವಚ್ಛ ಕಡಲತೀರದ ಮನ್ನಣೆ ಸಿಕ್ಕ ಜಾಗ ಅದು. ಚಳಿಗಾಲದ ರಜೆಯಲ್ಲಿ ಬರುವವರಿಗೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಆ ತಿಂಗಳುಗಳಲ್ಲಿ ನಮ್ಮ ಕರಾವಳಿಯ ಮರಳಿಗೆ ಆಲಿವ್ ರಿಡ್ಲಿ ಕಡಲಾಮೆಗಳು ರಾತ್ರಿ ಮೊಟ್ಟೆ ಇಡಲು ಬರುತ್ತವೆ. ಮರಳಿನ ಮೇಲೆ ಕ್ಯಾಂಪ್ ಫೈರ್ ಹಾಕಬೇಡಿ. ಟಾರ್ಚ್ ಬೀಸುತ್ತಾ ಓಡಾಡಬೇಡಿ. ಬೆಳಕು ಕಂಡರೆ ತಾಯಿ ಆಮೆ ಮೊಟ್ಟೆ ಇಡದೆ ವಾಪಸ್ ಹೋಗುತ್ತದೆ, ಮರಿಗಳು ಸಮುದ್ರ ಬಿಟ್ಟು ದೀಪದ ಕಡೆ ನಡೆಯುತ್ತವೆ.

ವಾಪಸ್ ಹೋಗುವಾಗ ಎಲ್ಲರಿಗೂ ಏನಾದರೂ ಕಟ್ಟಿಕೊಡಬೇಕಲ್ಲ. ಕುಮಟಾದ ಸಿಹಿ ಈರುಳ್ಳಿ ಹೆದ್ದಾರಿ ಬದಿಯಲ್ಲಿ ತೂಗುಹಾಕಿರುತ್ತಾರೆ, ಅದರ ಎಲೆಯನ್ನೇ ಹೆಣೆದು ಕಟ್ಟಿದ ಗೊಂಚಲು. ಚೀಲವೇ ಬೇಡ, ಹಾಗೇ ಹಿಡಿದು ರೈಲು ಹತ್ತಬಹುದು. ಅಂಕೋಲೆಯ ಕರಿ ಈಶಾಡು ಮಾವಿನಹಣ್ಣು ಸಿಕ್ಕರೆ ಬುಟ್ಟಿಯಲ್ಲಿ. ಜೋನಿ ಬೆಲ್ಲಕ್ಕೆ, ಅಂದರೆ ನೀರು ಬೆಲ್ಲಕ್ಕೆ, ಹೋದ ವರ್ಷದ ಡಬ್ಬಿಯನ್ನೇ ತೊಳೆದು ತರಲು ಹೇಳಿರುತ್ತೇನೆ. ಈಗ ಅಕ್ಕ ತಾನೇ ನೆನಪಿಟ್ಟು ತರುತ್ತಾಳೆ, ಮುಚ್ಚಳದ ಮೇಲೆ ಹೆಸರು ಬರೆದು.

ನನಗೆ ಇನ್ನೂ ಜಾಗ ಸಿಗದಿರುವುದು ಖಾಲಿಯಾದ ಮಾತ್ರೆ ಪಟ್ಟಿಗಳಿಗೆ, ಸೊಳ್ಳೆ ಓಡಿಸುವ ಲಿಕ್ವಿಡ್ಡಿನ ಬಾಟ್ಲಿಗಳಿಗೆ, ಸ್ಯಾನಿಟರಿ ಪ್ಯಾಡುಗಳಿಗೆ. ಮಗಳಿಗೆ ಬಟ್ಟೆಯ ಪ್ಯಾಡ್ ಹೊಲಿದುಕೊಟ್ಟಿದ್ದೇನೆ. ಮನೆಯಲ್ಲಿದ್ದಾಗ ಅದು, ಶಾಲೆಗೆ ಹೋಗುವಾಗ ಅವಳಿಗೆ ಅನುಕೂಲವಾದದ್ದು. ಅದರಲ್ಲಿ ಒತ್ತಾಯ ಮಾಡುವುದಿಲ್ಲ. ಉಳಿದೆರಡನ್ನು ಬೇರೆ ಡಬ್ಬಿಯಲ್ಲಿ ಕೂಡಿಡುತ್ತಿದ್ದೇನೆ. ಒಣ ಕಸದ ಜೊತೆ ಇವನ್ನು ಬೇರೆಯಾಗಿ ತೆಗೆದುಕೊಳ್ಳುವ ವ್ಯವಸ್ಥೆ ಮಾಡಿ ಅಂತ ಗ್ರಾಮಸಭೆಯಲ್ಲಿ ಕೇಳಿದ್ದೇವೆ. ಮುಂದಿನ ಸಭೆಗೂ ಅದೇ ಡಬ್ಬಿ ಹಿಡಿದುಕೊಂಡು ಹೋಗುವವರಿದ್ದೇವೆ, ನಾನು ಮತ್ತು ನಮ್ಮ ಕೇರಿಯ ಹೆಂಗಸರು.