ಮುಖ ಅದೇ, ಜಿಗಿತ ಬೇರೆ: ಹಳೆಯ ಗೇಮ್‌ಗಳನ್ನು ಟೆಸ್ಟ್ ಮಾಡುತ್ತಾ ಕಲಿತದ್ದು

ನಾನು ಬದಿಯಡ್ಕದ ಮನೆಯಲ್ಲೇ ಕೂತು ವಿಡಿಯೋ ಗೇಮ್ ಟೆಸ್ಟ್ ಮಾಡುತ್ತೇನೆ. ಕಂಪನಿ ಬೆಂಗಳೂರಿನದು, ಗಿರಾಕಿಗಳು ಹೆಚ್ಚಿನವರು ಹೊರದೇಶದವರು. "ದಿನವಿಡೀ ಗೇಮ್ ಆಡಿ ಸಂಬಳ ತಗೊಳ್ತಾನೆ ಮಾರಾಯ" ಅಂತ ಊರಲ್ಲಿ ಮಾತಿದೆ. ಒಂದೇ ಗೋಡೆಗೆ ಮಧ್ಯಾಹ್ನ ಪೂರ್ತಿ ಡಿಕ್ಕಿ ಹೊಡೆಸುತ್ತಾ ಕೂರುವುದನ್ನು ಆಟ ಅನ್ನುವುದಾದರೆ ಸರಿ, ಆಟವೇ.

ಈಚೆಗೆ ನಮ್ಮ ಟೀಮಿಗೆ ಜಾಸ್ತಿ ಬರುತ್ತಿರುವುದು ಹಳೆಯ ಗೇಮ್‌ಗಳ ರೀಮೇಕ್‌ಗಳು. ಇಪ್ಪತ್ತೈದು-ಮೂವತ್ತು ವರ್ಷ ಹಿಂದೆ ಜನ ಪ್ರೀತಿಸಿದ ಪಾತ್ರವನ್ನು ಎತ್ತಿಕೊಂಡು, ಹೊಸ ಬಣ್ಣ ಬಳಿದು, ಮತ್ತೆ ಮಾರುವುದು. ಒಪ್ಪಂದಕ್ಕೆ ಸಹಿ ಹಾಕಿರುವುದರಿಂದ ನಾನು ಕೆಲಸ ಮಾಡಿದ ಗೇಮ್‌ನ ಹೆಸರು ಹೇಳುವಂತಿಲ್ಲ. ಒಂದು ಪ್ರಾಣಿ, ಓಡುತ್ತದೆ, ಜಿಗಿಯುತ್ತದೆ ಅಂತ ಇಟ್ಟುಕೊಳ್ಳಿ.

ಆ ಪ್ರಾಣಿಯ ರೋಮ ನೋಡಬೇಕಿತ್ತು! ಗಾಳಿಗೆ ಒಂದೊಂದು ಎಳೆಯೂ ಅಲುಗುತ್ತಿತ್ತು. ಆದರೆ ಕಂಟ್ರೋಲರ್ ಕೈಗೆ ತಗೊಂಡ ತಕ್ಷಣ ಏನೋ ಸರಿಯಿಲ್ಲ ಅನಿಸಿತು. ಹಳೆಯದನ್ನು ಆಡಿ ಬೆಳೆದವರು ಟೀಮಿನಲ್ಲಿ ನಾವು ಮೂವರು. ಮೂವರೂ ಅದನ್ನೇ ಅಂದೆವು. "ಜಿಗಿತ ಭಾರವಾಗಿದೆ" ಅಂತ ರಿಪೋರ್ಟ್ ಹೋಯಿತು. ಗಿರಾಕಿ ಕಡೆಯಿಂದ ಒಂದೇ ಸಾಲಿನ ಉತ್ತರ ಬಂತು: ಇದು ಅಭಿಪ್ರಾಯ, ಬಗ್ (ದೋಷ) ಅಲ್ಲ. ದೂರು ದಾಖಲಿಸಿದ ಟಿಕೆಟ್ ಕ್ಲೋಸ್. ಅದೇ ವಾರ ಕಣ್ಣಿನ ಬಣ್ಣ ಹಳೆಯದಕ್ಕಿಂತ ಚೂರು ಮಂಕಾಗಿದೆ ಅಂತ ಬೇರೆ ಯಾರೋ ಬರೆದ ಟಿಕೆಟ್‌ಗೆ ಮೀಟಿಂಗ್ ಮೇಲೆ ಮೀಟಿಂಗ್ ನಡೆಯಿತು.

ನಾನು ಹೇಳಬೇಕೆಂದಿರುವುದು ಇದನ್ನೇ. ಕಂಪನಿಗಳಿಗೆ ಪಾತ್ರ ಅಂದರೆ ಮುಖ. ಆಡುವವನಿಗೆ ಪಾತ್ರ ಇರುವುದು ಹೆಬ್ಬೆರಳಲ್ಲಿ.

ಒಂದು ಜಿಗಿತದ ಒಳಗೆ ಎಷ್ಟು ಸಂಗತಿ ಇದೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಬಟನ್ ಒತ್ತಿದ ಮೇಲೆ ಕಾಲು ನೆಲ ಬಿಡಲು ಎಷ್ಟು ಹೊತ್ತು? ಮೇಲೆ ಹೋಗುವ ವೇಗ ಎಷ್ಟು, ಬೀಳುವ ವೇಗ ಎಷ್ಟು? ಹೆಚ್ಚಿನ ಗೇಮ್‌ಗಳಲ್ಲಿ ಇವೆರಡೂ ಬೇರೆ ಬೇರೆ ಇರುತ್ತವೆ. ಬಟನ್ ಬೇಗ ಬಿಟ್ಟರೆ ಜಿಗಿತ ಗಿಡ್ಡವಾಗುತ್ತದಾ? 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಆಗುತ್ತದೆ, ಒತ್ತಿ ಹಿಡಿದಷ್ಟು ಎತ್ತರ. ಗಾಳಿಯಲ್ಲಿರುವಾಗ ದಿಕ್ಕು ಬದಲಿಸಬಹುದಾ? ಅಂಚು ದಾಟಿದ ಮೇಲೂ ಒಂದೆರಡು ಫ್ರೇಮ್ (ಪರದೆ ಮೇಲೆ ಒಂದಾದ ಮೇಲೊಂದು ಬರುವ ಬಿಡಿ ಚಿತ್ರ) ತನಕ ಜಿಗಿಯಲು ಬಿಡುತ್ತದಾ? ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮ್‌ನಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಕಣ್ಣಿಗೆ ಅದು ಕಾಣುವುದೇ ಇಲ್ಲ. ಬೆರಳಿಗೆ ಮಾತ್ರ ಗೊತ್ತಾಗುತ್ತದೆ.

ಇದಕ್ಕೆ ನನಗೆ ಗೊತ್ತಿರುವ ಚೆನ್ನಾದ ಉದಾಹರಣೆ ಕ್ರ್ಯಾಶ್ ಬ್ಯಾಂಡಿಕೂಟ್. ಕ್ರ್ಯಾಶ್ ಅನ್ನುವ ಪ್ರಾಣಿ ಓಡುವ, ಜಿಗಿಯುವ ಗೇಮ್, 1996ರಲ್ಲಿ ನಾಟಿ ಡಾಗ್ ಕಂಪನಿ ಪ್ಲೇಸ್ಟೇಷನ್ ಅನ್ನುವ ಗೇಮ್ ಯಂತ್ರಕ್ಕೆ ಮಾಡಿದ್ದು. ನಮ್ಮ ಕಾಸರಗೋಡು ಕಡೆ ಮನೆಗೊಬ್ಬರು ಗಲ್ಫಿನಲ್ಲಿ ಇದ್ದ ಕಾಲ ಅದು. ಅತ್ತರು, ಚಾಕಲೇಟು, ಟಾರ್ಚಿನ ಜತೆಗೆ ಒಂದೊಂದು ಪೆಟ್ಟಿಗೆಯಲ್ಲಿ ಪ್ಲೇಸ್ಟೇಷನ್ನೂ ಇಳಿಯುತ್ತಿತ್ತು. ಅಂಥ ಮನೆಯ ಹುಡುಗನ ಜತೆ ದೋಸ್ತಿ ಮಾಡಿಕೊಳ್ಳದ ಮಕ್ಕಳೇ ಇರಲಿಲ್ಲ. ಕನ್ನಡ, ತುಳು, ಮಲಯಾಳ ಮೂರರಲ್ಲೂ ಗೋಗರೆಯುತ್ತಿದ್ದೆವು, ಯಾವುದು ಕೆಲಸ ಮಾಡುತ್ತದೋ ಅದು.

2017ರಲ್ಲಿ ಮೊದಲ ಮೂರು ಕ್ರ್ಯಾಶ್ ಗೇಮ್‌ಗಳನ್ನು ವಿಕೇರಿಯಸ್ ವಿಷನ್ಸ್ ಅನ್ನುವ ಸ್ಟುಡಿಯೋ ಹೊಸದಾಗಿ ಕಟ್ಟಿತು. ನೋಡಲು ತುಂಬಾ ಚೆಂದ. ಪ್ರೀತಿಯಿಂದಲೇ ಮಾಡಿದ್ದರು, ಅದರಲ್ಲಿ ಅನುಮಾನ ಇಲ್ಲ. ಆದರೆ ಮೊದಲ ಗೇಮ್ ಆಡಿದ ಹಳಬರು ಸೇತುವೆಯ ಹಲಗೆಗಳಿಂದ ಜಾರಿ ಜಾರಿ ಬೀಳತೊಡಗಿದರು. ಮೂವತ್ತು ದಾಟಿತು, ಕೈ ತುಕ್ಕು ಹಿಡಿಯಿತು ಅಂತ ಕೆಲವರು ಅಂದುಕೊಂಡರಂತೆ. ಆಮೇಲೆ ಆಟಗಾರರೇ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಕಾರಣ ಹುಡುಕಿದರು. ಹೊಸ ಕ್ರ್ಯಾಶ್‌ನ ಸುತ್ತ ಕಣ್ಣಿಗೆ ಕಾಣದ ಒಂದು ಆಕಾರ ಇರುತ್ತದೆ. ನೆಲಕ್ಕೆ ತಾಗುವುದು ಅದು. ಅದರ ತಳ ಮಾತ್ರೆಯ ತುದಿಯ ಹಾಗೆ ಉರುಟು. ಹಲಗೆಯ ಅಂಚಿನಲ್ಲಿ ಇಳಿದರೆ ನಿಲ್ಲದೆ ಜಾರುತ್ತದೆ. ಹಳೆಯ ಕ್ರ್ಯಾಶ್ ಅಲ್ಲಿ ಆರಾಮಾಗಿ ನಿಲ್ಲುತ್ತಿತ್ತು. ಇದರ ಜತೆಗೆ ಮೂರೂ ಗೇಮ್‌ಗಳಿಗೆ ಮೂರನೆಯ ಗೇಮ್‌ನ ನಡೆಯನ್ನೇ ಆಧಾರವಾಗಿ ತಗೊಂಡಿದ್ದೇವೆ ಅಂತ ಕಂಪನಿಯೇ ಹೇಳಿತು. ಮೊದಲ ಗೇಮ್‌ನ ಹಳ್ಳಗಳ ಅಗಲವನ್ನು ಅಳೆದದ್ದು ಮೊದಲ ಗೇಮ್‌ನ ಜಿಗಿತಕ್ಕೆ, ಅಲ್ವಾ? ಜಿಗಿತ ಬದಲಾಯಿತು, ಹಳ್ಳ ಹಾಗೇ ಉಳಿಯಿತು.

ಆ ಪ್ರಾಜೆಕ್ಟ್‌ನ ಯಾವುದಾದರೂ ಟೆಸ್ಟರ್ ಇದನ್ನು ಮೊದಲೇ ಬರೆದಿರಬಹುದಾ? ನನಗಂತೂ ಬರೆದಿರುತ್ತಾನೆ ಅನಿಸುತ್ತದೆ. ಇದು ಸುಮ್ನೆ ನನ್ನ ಕಸುಬಿನವರ ಮೇಲಿನ ಅಭಿಮಾನ.

ಇನ್ನು ಸೋನಿಕ್. ಸೆಗಾ ಕಂಪನಿಯ ನೀಲಿ ಮುಳ್ಳುಹಂದಿ, 1991ರದ್ದು. ಇದರ ಕಥೆಯಲ್ಲಿ ನಡೆ ಕೆಡಿಸಿದ್ದು, ಉಳಿಸಿದ್ದು ಎರಡೂ ಇದೆ. 2010ರಲ್ಲಿ ಸೋನಿಕ್ 4ರ ಮೊದಲ ಭಾಗ ಬಂತು. ಹೆಸರಿನಲ್ಲೇ ಹಳೆಯ ಸಾಲಿನ ಮುಂದುವರಿಕೆ ಅಂದರು. ಆದರೆ ಗಾಳಿಯಲ್ಲಿರುವಾಗ ದಿಕ್ಕಿನ ಬಟನ್ ಬಿಟ್ಟರೆ ಸೋನಿಕ್ ಅಲ್ಲೇ ಗಕ್ಕನೆ ನಿಂತು ಕೆಳಗೆ ಬೀಳುತ್ತಿದ್ದ. ಇಳಿಜಾರಿನಲ್ಲಿ ಉರುಳಿ ವೇಗ ಗಳಿಸುವುದೇ ಅವನ ಜೀವಾಳ. ಆ ಓಘ ಇಲ್ಲದಿದ್ದರೆ ಅವನು ನೀಲಿ ಬಣ್ಣದ ಯಾರೋ ಒಬ್ಬ. ಏಳು ವರ್ಷ ಬಿಟ್ಟು 2017ರಲ್ಲಿ ಸೋನಿಕ್ ಮೇನಿಯಾ ಬಂತು. ಅದರ ಮುಂಚೂಣಿಯಲ್ಲಿ ಇದ್ದವನು ಕ್ರಿಶ್ಚಿಯನ್ ವೈಟ್‌ಹೆಡ್. ಅಭಿಮಾನಿಯಾಗಿ ತಾನೇ ಎಂಜಿನ್ (ಗೇಮ್ ಓಡಿಸುವ ಪ್ರೋಗ್ರಾಂ) ಬರೆದುಕೊಂಡು, ಆಮೇಲೆ ಸೋನಿಕ್ ಸಿಡಿ ಗೇಮ್ ಅನ್ನು ಸೆಗಾಕ್ಕಾಗಿ ಹೊಸ ಯಂತ್ರಗಳಿಗೆ ತಂದವನು. ಮೇನಿಯಾದ ಚಿತ್ರಗಳು ಹಳೆಯ ಕಾಲದ ಚುಕ್ಕಿ ಚಿತ್ರಗಳೇ. ಜನ ತಲೆ ಮೇಲೆ ಹೊತ್ತು ಮೆರೆಸಿದರು. ಅದೇ ಕಂಪನಿ, ಅದೇ ಪಾತ್ರ. ಈ ಸಲ ಕೆಲಸ ಸಿಕ್ಕಿದ್ದು ಬೆರಳಲ್ಲಿ ಸೋನಿಕ್ ಇದ್ದವರಿಗೆ.

ಹಾಗಾದರೆ ಕಂಪನಿಗಳು ಯಾಕೆ ಮುಖದ ಹಿಂದೆಯೇ ಬೀಳುತ್ತವೆ? ನನ್ನ ಪ್ರಕಾರ ಕಾರಣ ಟ್ರೈಲರ್. 2019ರ ಏಪ್ರಿಲ್ ಕೊನೆಗೆ ಸೋನಿಕ್ ಸಿನಿಮಾದ ಟ್ರೈಲರ್ ಬಂದಾಗ ಮನುಷ್ಯನ ಹಾಗಿನ ಆ ಹಲ್ಲು ನೋಡಿ ಲೋಕವೇ ಕಿರುಚಿತು. ಕೆಲವೇ ದಿನಗಳಲ್ಲಿ ನಿರ್ದೇಶಕ ಜೆಫ್ ಫೌಲರ್, ರೂಪ ಬದಲಿಸುತ್ತೇವೆ ಅಂದರು. ನವೆಂಬರಿನಲ್ಲಿ ಬರಬೇಕಿದ್ದ ಸಿನಿಮಾ 2020ರ ಫೆಬ್ರವರಿಗೆ ಹೋಯಿತು, ಗೆದ್ದಿತು ಕೂಡ. ಮುಖ ಕೆಟ್ಟರೆ ದುಡ್ಡು ಕೊಡುವ ಮೊದಲೇ ಗೊತ್ತಾಗುತ್ತದೆ. ನಡೆ ಕೆಟ್ಟರೆ ಗೊತ್ತಾಗುವುದು ಕೊಂಡು ಮನೆಗೆ ತಂದ ಮೇಲೆ. ಆಗ ಕಿರುಚಿದರೂ ಮಾರಾಟ ಆಗಿರುತ್ತದೆ.

ನಮ್ಮ ದೇಶದವರಿಗೆ ಇದು ಹತ್ತಿರದಿಂದ ತಟ್ಟಿದ್ದು 2020ರ ಸೆಪ್ಟೆಂಬರಿನಲ್ಲಿ. ಪ್ರಿನ್ಸ್ ಆಫ್ ಪರ್ಷಿಯಾ ಸರಣಿಯ ಸ್ಯಾಂಡ್ಸ್ ಆಫ್ ಟೈಮ್ ಗೇಮ್‌ನ ರೀಮೇಕ್ ಅನ್ನು ಯುಬಿಸಾಫ್ಟ್ ಕಂಪನಿ ತನ್ನ ಪುಣೆ ಮತ್ತು ಮುಂಬಯಿ ಸ್ಟುಡಿಯೋಗಳಿಗೆ ಕೊಟ್ಟಿತ್ತು. ಟ್ರೈಲರ್ ಬಂದದ್ದೇ ತಡ, ರಾಜಕುಮಾರನ ಮುಖದ ಬಗ್ಗೆ ನಗೆಪಾಟಲು ಶುರು. ಎಷ್ಟೋ ಮಾತುಗಳು ಮುಖ ಬಿಟ್ಟು ಮಾಡಿದವರ ದೇಶದ ಕಡೆಗೂ ತಿರುಗಿದವು. ಬಿಡುಗಡೆ ಮುಂದೆ ಹೋಯಿತು, 2022ರ ಮೇ ತಿಂಗಳಲ್ಲಿ ಕೆಲಸವೇ ಕೆನಡಾದ ಮಾಂಟ್ರಿಯಲ್‌ಗೆ ಹೋಯಿತು. ಗೋಡೆಯ ಮೇಲೆ ಓಡುವುದು, ಕಾಲವನ್ನು ಹಿಂದಕ್ಕೆ ತಿರುಗಿಸುವುದು ಆ ಗೇಮ್‌ನ ಜೀವ. ಪುಣೆಯವರು ಅದನ್ನು ಹೇಗೆ ಮಾಡಿದ್ದರು ಅಂತ ನಕ್ಕವರಲ್ಲಿ ಯಾರೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ನನಗೆ ಆಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ನನ್ನ ಮಾತಿಗೆ ಅಡ್ಡ ಬರುವ ಗೇಮ್ ಒಂದಿದೆ. ಕ್ಯಾಪ್‌ಕಾಮ್ ಕಂಪನಿ ಡೆವಿಲ್ ಮೇ ಕ್ರೈ ಸರಣಿಯನ್ನು ನಿಂಜಾ ಥಿಯರಿ ಸ್ಟುಡಿಯೋಗೆ ಕೊಟ್ಟು, 2013ರ ಗೇಮ್‌ನಲ್ಲಿ ನಾಯಕ ಡಾಂಟೆಯ ಬಿಳಿ ಕೂದಲನ್ನು ಕಪ್ಪು ಮಾಡಿಸಿತು. ಕತ್ತಿ ಬೀಸುವ ಸುಖ ಅದರಲ್ಲಿ ಚೆನ್ನಾಗಿಯೇ ಇತ್ತು, ವಿಮರ್ಶಕರೂ ಮೆಚ್ಚಿದರು. ಹಳಬರು ಮಾತ್ರ ಒಪ್ಪಲಿಲ್ಲ. 2019ರ ಐದನೇ ಗೇಮ್‌ಗೆ ಹಳೆಯ ಡಾಂಟೆಯೇ ವಾಪಸ್ ಬಂದ. ಅಂದರೆ ಮುಖಕ್ಕೂ ಬೆಲೆ ಇದೆ, ಒಪ್ಪಿದೆ. ಅದನ್ನು ಕಾಯಲು ಜನ ಬೇಕಾದಷ್ಟಿದ್ದಾರೆ. ವಕೀಲರೂ ಇದ್ದಾರೆ: ಹಳೆಯ ಪ್ಯಾಕ್-ಲ್ಯಾಂಡ್ ಗೇಮ್ 2022ರಲ್ಲಿ ಮತ್ತೆ ಬಂದಾಗ ಮಿಸ್ ಪ್ಯಾಕ್-ಮ್ಯಾನ್ ಇದ್ದ ಜಾಗದಲ್ಲಿ ಪ್ಯಾಕ್-ಮಾಮ್ ಅನ್ನುವ ಬೇರೆ ಹೆಂಗಸು ನಿಂತಿದ್ದಳು. ಹಕ್ಕಿನ ತಕರಾರು.

ನಮ್ಮ ಪ್ರಾಣಿಯ ವಿಷಯಕ್ಕೆ ಬರುತ್ತೇನೆ. ಟಿಕೆಟ್ ಕ್ಲೋಸ್ ಆದ ಮೇಲೆ ನಾವು ಹಳೆಯ ಗೇಮ್ ಮತ್ತು ಹೊಸದನ್ನು ಒಟ್ಟಿಗೆ ರೆಕಾರ್ಡ್ ಮಾಡಿ, ಬಟನ್ ಒತ್ತಿದ ಕ್ಷಣದಿಂದ ಫ್ರೇಮ್ ಎಣಿಸಿದೆವು. "ಭಾರ" ಅನ್ನುವ ಪದ ತೆಗೆದು ಹಾಕಿ ಬರೀ ಸಂಖ್ಯೆ ಬರೆದೆವು. ಕಾಲು ನೆಲ ಬಿಡುವುದು ಇಷ್ಟು ಫ್ರೇಮ್ ತಡ, ಬೀಳುವುದು ಇಷ್ಟು ಬೇಗ, ಹಾಗಾಗಿ ಎರಡನೇ ಹಂತದ ಇಂಥ ಹಳ್ಳ ಹಳೆಯ ಸಮಯಕ್ಕೆ ಒತ್ತಿದರೆ ದಾಟುವುದಿಲ್ಲ. ವಿಡಿಯೋವನ್ನು ಸೊಂಟದಿಂದ ಕೆಳಗೆ ಮಾತ್ರ ಕಾಣುವ ಹಾಗೆ ಕತ್ತರಿಸಿ ಕಳಿಸಿದೆ. ಮುಖ ಕಂಡರೆ ಮೀಟಿಂಗ್‌ನಲ್ಲಿ ಮತ್ತೆ ಮುಖದ ಮಾತೇ ಶುರುವಾಗುತ್ತದೆ, ಅದಕ್ಕೆ. ಟಿಕೆಟ್ ಮತ್ತೆ ತೆರೆಯಿತು. ಬೀಳುವ ವೇಗ ಸರಿ ಮಾಡಿದರು. ನೆಲ ಬಿಡುವ ತಡ ಹಾಗೇ ಉಳಿಯಿತು. ಜಿಗಿಯುವ ಮೊದಲು ಮೊಣಕಾಲು ಮಡಚುವ ಅನಿಮೇಷನ್ ಚೆಂದ ಕಾಣುತ್ತದಂತೆ.

ಈಗ ಹಳೆಯ ಪಾತ್ರದ ಯಾವ ಕೆಲಸ ಬಂದರೂ ಮೊದಲ ವಾರ ನಾವು ಹೊಸದನ್ನು ಮುಟ್ಟುವುದೇ ಇಲ್ಲ. ಹಳೆಯದನ್ನು ಹಳೆಯ ಯಂತ್ರದಲ್ಲೇ ಆಡಿ ಪಟ್ಟಿ ಮಾಡುತ್ತೇವೆ. ಅದಕ್ಕೊಂದು ತೊಡಕಿದೆ. ಈಗಿನ ಎಲ್‌ಇಡಿ ಟಿವಿ ಚಿತ್ರವನ್ನು ಸಂಸ್ಕರಿಸಿ ತೋರಿಸುವಷ್ಟರಲ್ಲಿ ಚೂರು ತಡವಾಗುತ್ತದೆ. ಹಿಂದಿನ ಡಬ್ಬಾ ಟಿವಿಯಲ್ಲಿ ಆ ತಡ ಇಲ್ಲವೆನ್ನುವಷ್ಟು ಕಡಿಮೆ. ಟಿವಿಗೆ ಗುರಿಯಿಟ್ಟು ಬಾತುಕೋಳಿ ಹೊಡೆಯುವ ಹಳೆಯ ಗೇಮ್‌ನ ಗನ್ ಈಗಿನ ಟಿವಿಯಲ್ಲಿ ಯಾಕೆ ಕೆಲಸ ಮಾಡುವುದಿಲ್ಲ ಅಂತ ಯೋಚಿಸಿದ್ದೀರಾ? ಡಬ್ಬಾ ಟಿವಿ ಪರದೆಯನ್ನು ಬೆಳಗಿಸುವ ಸಮಯವನ್ನೇ ನಂಬಿಕೊಂಡು ಅದನ್ನು ಮಾಡಿದ್ದರು. ಹಳೆಯ ಜಿಗಿತವನ್ನು ಹೊಸ ಟಿವಿಯಲ್ಲಿ ಅಳೆದರೆ ಹಳೆಯದಕ್ಕೂ ಇಲ್ಲದ ತಡ ಸೇರಿಕೊಳ್ಳುತ್ತದೆ.

ನನ್ನ ಹತ್ತಿರ ಇದ್ದ ಡಬ್ಬಾ ಟಿವಿ ಕಳೆದ ಮಳೆಗಾಲದ ಸಿಡಿಲಿಗೆ ಹೋಯಿತು. ಕಾಸರಗೋಡು ಹಳೇ ಬಸ್ ಸ್ಟ್ಯಾಂಡ್ ಸುತ್ತಿನ ರಿಪೇರಿ ಅಂಗಡಿಗಳಲ್ಲಿ ಕೇಳಿದರೆ ನಗುತ್ತಾರೆ, ಗುಜರಿಗೆ ಹಾಕಿ ವರ್ಷಗಳಾದವು ಅನ್ನುತ್ತಾರೆ. ಕುಂಬಳೆ, ಪೆರ್ಲ, ಮುಳ್ಳೇರಿಯ, ಮಂಜೇಶ್ವರ ಕಡೆಯವರ ಮನೆ ಅಟ್ಟದಲ್ಲಿ ಹದಿನಾಲ್ಕು ಅಥವಾ ಇಪ್ಪತ್ತೊಂದು ಇಂಚಿನದು, ಹಳದಿ-ಬಿಳಿ-ಕೆಂಪು ಪಿನ್ ಚುಚ್ಚುವ ಜಾಗ ಇರುವಂಥದ್ದು ಇದ್ದರೆ ತಿಳಿಸಿ. ರಿಮೋಟ್ ಇಲ್ಲದಿದ್ದರೂ ನಡೆಯುತ್ತದೆ. ಆಟೋ ತಗೊಂಡು ನಾನೇ ಬರುತ್ತೇನೆ.