ವಿಜಯಭಾಸ್ಕರ್ ಯಾರೆಂದು ಕೇಳುವವರಿಗೆ

'ವಿಜಯಭಾಸ್ಕರ್ ಅಂದ್ರ ಯಾರ್ರೀ?' ಎಂಬ ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರ ಕೊಡುವುದನ್ನು ನಾನು ನಿಲ್ಲಿಸಿದ್ದೇನೆ. ಇನ್ನು ಮುಂದೆ ಕೇಳಿದವರ ಮೊಬೈಲಿಗೆ ಈ ಬರಹವನ್ನು ಕಳಿಸುತ್ತೇನೆ; ಓದುವುದು ಬಿಡುವುದು ಅವರಿಗೆ ಸೇರಿದ್ದು. ಒಂದೇ ಉಸಿರಿನ ಉತ್ತರ ಬೇಕೆನ್ನುವವರು ಇಷ್ಟು ತಿಳಿದುಕೊಂಡರೆ ಸಾಕು: 'ಬೆಳ್ಳಿಮೋಡ', 'ಗೆಜ್ಜೆಪೂಜೆ', 'ಶರಪಂಜರ', 'ನಾಗರಹಾವು', 'ಉಪಾಸನೆ', 'ಶುಭಮಂಗಳ', 'ಮಾನಸ ಸರೋವರ', ಇವಿಷ್ಟಕ್ಕೂ ಸಂಗೀತ ಕೊಟ್ಟವರು ಅವರು.

ಪ್ರಶ್ನೆ ಇಲ್ಲಿಗೆ ಮುಗಿಯುವುದಿಲ್ಲ ಎಂಬುದೇ ನನ್ನ ತಕರಾರು. ಉತ್ತರ ಕೇಳಿಸಿಕೊಂಡವರು ಹುಬ್ಬೇರಿಸಿ, 'ಹೌದಾ? ಅವೆಲ್ಲ ರಾಜನ್–ನಾಗೇಂದ್ರ ಅವರವಲ್ಲೇನ್ರೀ?' ಎನ್ನುತ್ತಾರೆ. ರಾಜನ್–ನಾಗೇಂದ್ರರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. 'ಎರಡು ಕನಸು', 'ಗಂಧದ ಗುಡಿ', 'ಬಯಲು ದಾರಿ' ಅವರಿಗಿರುವಾಗ ಇನ್ನೊಬ್ಬರ ಹಾಡುಗಳನ್ನು ಅವರ ಲೆಕ್ಕಕ್ಕೆ ಬರೆಯುವ ಅಗತ್ಯವಾದರೂ ಏನು?

ಕಲಬುರಗಿಯ ಸೇಡಂ ರಸ್ತೆಯ ಕಲ್ಯಾಣ ಮಂಟಪವೊಂದರಲ್ಲಿ ನಡೆದ ನಿಶ್ಚಿತಾರ್ಥದ ದಿನ ಧ್ವನಿವರ್ಧಕದಲ್ಲಿ 'ನಾಗರಹಾವು' ಚಿತ್ರದ 'ಬಾರೇ ಬಾರೇ' ಬರುತ್ತಿತ್ತು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕಣ್ಣು ಮುಚ್ಚಿ ತಲೆದೂಗುತ್ತ, 'ರಾಜನ್–ನಾಗೇಂದ್ರ! ಏನ್ ಕಾಲ ಅದು' ಎಂದರು. ನಾನು ಆದಷ್ಟು ಮೆಲ್ಲಗೆ ತಿದ್ದಿದೆ. ಅವರು ಕಣ್ಣು ತೆರೆಯದೆಯೇ, 'ಯಾರದರೆ ಆಗಲಿ ಬಿಡ್ರೀ, ಹಾಡು ಛಂದ ಅದ' ಎಂದುಬಿಟ್ಟರು. ಆ ಮಾತಿನಲ್ಲಿ ಔದಾರ್ಯವಿದೆ ಎಂದು ನಂಬಲು ನಾನೂ ಪ್ರಯತ್ನಿಸಿದೆ. ಆದರೆ ಊಟದ ಪಂಕ್ತಿಯಲ್ಲಿ ಯಾರೋ 'ಬೈಜು ಬಾವ್ರಾ' ಚಿತ್ರದ ಸಂಗೀತ ಶಂಕರ್–ಜೈಕಿಶನ್ ಅವರದು ಎಂದದ್ದೇ ತಡ, ಅದೇ ಹಿರಿಯರು ಶೇಂಗಾ ಹೋಳಿಗೆಯನ್ನು ಎಲೆಯ ಮೇಲೇ ಬಿಟ್ಟು, ಅದು 1952ರ ಚಿತ್ರವೆಂದೂ ಸಂಗೀತ ನೌಷಾದರದೆಂದೂ ರಫಿಯ ಒಂದೊಂದು ಹಾಡಿನ ಸಾಕ್ಷಿಯೊಂದಿಗೆ ವಾದಿಸಿ ಗೆದ್ದರು. ಅಲ್ಲಿ 'ಯಾರದರೆ ಆಗಲಿ' ಎಂಬ ಮಾತು ಅವರ ನಾಲಿಗೆಯ ಹತ್ತಿರವೂ ಸುಳಿಯಲಿಲ್ಲ.

ಇದರಲ್ಲಿ ಆ ಒಬ್ಬರ ತಪ್ಪೇನೂ ಇಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯ ಹಳಬರ ಕಿವಿ ಉರ್ದು ಗಜಲು, ದರ್ಗಾದ ಕವ್ವಾಲಿ ಮತ್ತು ರೇಡಿಯೊ ಸಿಲೋನಿನ ಹಿಂದಿ ಹಾಡುಗಳಲ್ಲಿ ಬೆಳೆದದ್ದು; ಮುಂಬಯಿಯ ಸಂಗೀತಗಾರರ ವಂಶಾವಳಿ ನಮ್ಮವರಿಗೆ ಮನೆತನದ ವಂಶಾವಳಿಗಿಂತ ಚೆನ್ನಾಗಿ ಗೊತ್ತು. ಅದೇ ಶಿಸ್ತನ್ನು ಕನ್ನಡದವರಿಗೆ ತೋರಿಸಲು ಏನು ಅಡ್ಡಿ ಎಂಬುದಷ್ಟೇ ನನ್ನ ಪ್ರಶ್ನೆ.

ಕ್ಯಾಸೆಟ್ಟುಗಳ ಕಾಲ ಗೊಂದಲವನ್ನು ಇನ್ನಷ್ಟು ಹೆಚ್ಚಿಸಿತು. ಮುಖಪುಟದ ಮೇಲೆ ನಾಯಕನ ಚಿತ್ರವಿರುತ್ತಿತ್ತು, ಗಾಯಕರ ಹೆಸರಿರುತ್ತಿತ್ತು, ಕೆಲವೊಮ್ಮೆ ನಿರ್ದೇಶಕ ಪುಟ್ಟಣ್ಣ ಕಣಗಾಲರ ಹೆಸರೂ ಇರುತ್ತಿತ್ತು. ಸಂಗೀತ ಕೊಟ್ಟವರನ್ನು ಹುಡುಕಲು ಭೂತಗನ್ನಡಿ ಬೇಕಾಗುತ್ತಿತ್ತು. ಹೀಗಾಗಿ ಹಾಡುಗಳು ಪುಟ್ಟಣ್ಣನವರ ಹಾಡುಗಳಾದವು. ಇದಕ್ಕೆ ತದ್ವಿರುದ್ಧವಾದ ಅತಿರೇಕವೂ ಉಂಟು: ನನ್ನ ಮಾತು ಕೇಳಿ ಮನಸ್ಸು ಬದಲಿಸಿದ ಕೆಲವರು ಈಗ ಪುಟ್ಟಣ್ಣನವರ ಎಲ್ಲ ಚಿತ್ರಗಳನ್ನೂ ವಿಜಯಭಾಸ್ಕರರಿಗೇ ಕೊಡುತ್ತಾರೆ. 'ಸಾಕ್ಷಾತ್ಕಾರ'ವೂ 'ಎಡಕಲ್ಲು ಗುಡ್ಡದ ಮೇಲೆ'ಯೂ ಎಂ. ರಂಗರಾವ್ ಅವರವು. ಅವರ ಕಥೆ ಬೇರೆಯೇ ಇದೆ, ಅವರಿಗೂ ಒಬ್ಬ ವಕೀಲ ಬೇಕು.

ಆದರೆ ಮರೆವಿನ ನಿಜವಾದ ಕಾರಣ ಕ್ಯಾಸೆಟ್ಟಲ್ಲ. ಕೆಲವು ಸಂಗೀತ ನಿರ್ದೇಶಕರನ್ನು ಪಲ್ಲವಿಗೆ ಮುಂಚಿನ ವಾದ್ಯಗಳಲ್ಲೇ ಗುರುತಿಸಬಹುದು, ವಿಜಯಭಾಸ್ಕರರನ್ನು ಹಾಗೆ ಗುರುತಿಸಲಾಗುವುದಿಲ್ಲ. 1972ರ 'ನಾಗರಹಾವು' ಚಿತ್ರವನ್ನೇ ತೆಗೆದುಕೊಳ್ಳಿ: ಓಬವ್ವನ ಕಥೆ ಹೇಳುವ 'ಕನ್ನಡ ನಾಡಿನ ವೀರ ರಮಣಿಯ', ಕೆರಳಿದ ಹುಡುಗನ 'ಹಾವಿನ ದ್ವೇಷ', ತೇಲಿಕೊಂಡು ಬರುವ 'ಬಾರೇ ಬಾರೇ', ಸುಶೀಲಾ ಅವರ 'ಕರ್ಪೂರದ ಬೊಂಬೆ' — ಇವುಗಳನ್ನು ಒಬ್ಬರೇ ಮಾಡಿದ್ದಾರೆಂದು ಹೇಳದಿದ್ದರೆ ಯಾರೂ ನಂಬಲಾರರು. ಆ ಮನುಷ್ಯ ತನ್ನ ಮುದ್ರೆಯನ್ನು ಒತ್ತಲು ಹೋಗಲಿಲ್ಲ, ಪಾತ್ರಕ್ಕೆ ಏನು ಬೇಕೋ ಅದನ್ನು ಮಾಡಿದರು. ಮುದ್ರೆಯಿಲ್ಲದ ಸರಕಿಗೆ ಪಕ್ಕದ ಅಂಗಡಿಯ ಹೆಸರು ಅಂಟಿಕೊಂಡಿತು.

ನಾನು ಭಜನಾ ಮಂಡಳಿಯಲ್ಲಿ ತತ್ವಪದಗಳಿಗೆ ಹಾರ್ಮೋನಿಯಂ ಬಾರಿಸುವವನು. ಮೊದಲೇ ಇರುವ ಪದಕ್ಕೆ ಧಾಟಿ ಕೂಡಿಸುವುದು ಎಷ್ಟು ಕಷ್ಟವೆಂದು ನನ್ನ ಬೆರಳುಗಳಿಗೆ ಗೊತ್ತು. ಸಿನಿಮಾದಲ್ಲಿ ಸಾಮಾನ್ಯವಾಗಿ ಧಾಟಿ ಮೊದಲು ಹುಟ್ಟುತ್ತದೆ, ಮಾತು ಅದರ ಅಳತೆಗೆ ಬರುತ್ತದೆ. 1967ರ 'ಬೆಳ್ಳಿಮೋಡ'ದಲ್ಲಿ 'ಮೂಡಲ ಮನೆಯ', 1971ರ 'ಶರಪಂಜರ'ದಲ್ಲಿ 'ಉತ್ತರ ಧ್ರುವದಿಂ' ಮಾತ್ರ ಹಾಗಲ್ಲ. ಅವು ಬೇಂದ್ರೆಯವರ ಕವಿತೆಗಳು, ತಮ್ಮದೇ ಲಯವನ್ನು ಹೊತ್ತುಕೊಂಡು ಬಂದವು. ಬೇಂದ್ರೆಯವರು ಆಗ ಬದುಕಿದ್ದರು ನಿಜ, ಆದರೆ ಎರಡು ಮಾತ್ರೆ ಕಡಿಮೆ ಮಾಡಿಕೊಡಿ ಎಂದು ಅವರನ್ನು ಕೇಳುವ ಎದೆಗಾರಿಕೆ ಯಾರಿಗಿತ್ತು? ಕವಿತೆ ಮಣಿಯದೆ, ಹಾಡು ಮುಗ್ಗರಿಸದೆ, ಓದು ಬಾರದವರ ಬಾಯಲ್ಲೂ ಬೇಂದ್ರೆ ನಿಂತುಕೊಂಡರು. ಮುಂದೆ 'ಮಾನಸ ಸರೋವರ'ದಲ್ಲಿ ಜಿ.ಎಸ್. ಶಿವರುದ್ರಪ್ಪನವರ 'ವೇದಾಂತಿ ಹೇಳಿದನು' ಮತ್ತು 'ಹಾಡು ಹಳೆಯದಾದರೇನು' ಕವಿತೆಗಳಿಗೂ ಹೀಗೆಯೇ ಆಯಿತು. (ಈ ಎರಡನೆಯ ಸಾಲನ್ನು ಗುಲಾಬಿ ಹೂವಿನ ಚಿತ್ರದೊಂದಿಗೆ ಬೆಳಿಗ್ಗೆ ಬೆಳಿಗ್ಗೆ ನನಗೆ ಕಳಿಸುವವರೇ, ಸಂಜೆ ಸಿಕ್ಕಾಗ ವಿಜಯಭಾಸ್ಕರ್ ಯಾರೆಂದು ಕೇಳುತ್ತಾರೆ.)

ನನ್ನನ್ನು ಯಾರೂ ಈವರೆಗೆ ಕೇಳದ, ಕೇಳಿದರೆ ಚಹಾ ಕುಡಿಸಿ ಉತ್ತರ ಹೇಳಬೇಕೆಂದಿರುವ ಪ್ರಶ್ನೆ ಒಂದಿದೆ: ತೆರೆಯ ಮೇಲೆ ಯಾರೂ ಹಾಡದಿರುವಾಗ ಈ ಸಂಗೀತ ನಿರ್ದೇಶಕ ಏನು ಮಾಡುತ್ತಾರೆ? ಮಲಯಾಳದ ನಿರ್ದೇಶಕ ಅಡೂರ್ ಗೋಪಾಲಕೃಷ್ಣನ್ ಅವರ ಚಿತ್ರಗಳಿಗೆ ಮೊದಲು ಎಂ.ಬಿ. ಶ್ರೀನಿವಾಸನ್ ಸಂಗೀತ ಕೊಡುತ್ತಿದ್ದರು. 1988ರಲ್ಲಿ ಅವರು ತೀರಿಕೊಂಡ ಮೇಲೆ ಬಂದ 'ಮತಿಲುಕಳ್', 'ವಿಧೇಯನ್', 'ಕಥಾಪುರುಷನ್' ಚಿತ್ರಗಳ ಸಂಗೀತ ನಮ್ಮ ವಿಜಯಭಾಸ್ಕರರದು. ಸಂಗೀತವನ್ನು ಅಡೂರರಷ್ಟು ಜಿಪುಣತನದಿಂದ ಬಳಸುವ ನಿರ್ದೇಶಕರು ಕಡಿಮೆ. ಭಾವ ಉಕ್ಕಿದಾಗ ವಾದ್ಯಗಳೂ ಉಕ್ಕಬೇಕೆನ್ನುವ ಪುಟ್ಟಣ್ಣನವರಿಗೆ ವರ್ಷಗಟ್ಟಲೆ ಸಂಗೀತ ಕೊಟ್ಟವರು, ಉಕ್ಕುವುದೇ ಬೇಡವೆನ್ನುವ ಇನ್ನೊಬ್ಬರ ಜೊತೆ ಮೂರು ಚಿತ್ರ ಮಾಡಿದರು. 'ಮತಿಲುಕಳ್' ಚಿತ್ರದಲ್ಲಿ ಜೈಲಿನ ಗೋಡೆಯ ಆಚೆಗಿರುವ ನಾರಾಯಣಿಯನ್ನು ಲೇಖಕ ಬಷೀರರಾಗಿ ನಟಿಸಿದ ಮಮ್ಮೂಟ್ಟಿಯೂ ನೋಡುವುದಿಲ್ಲ, ನಾವೂ ನೋಡುವುದಿಲ್ಲ; ಇರುವುದು ಕೆ.ಪಿ.ಎ.ಸಿ. ಲಲಿತಾ ಅವರ ದನಿ ಮಾತ್ರ. ಆ ದನಿಯ ಮೇಲೆ ಒಂದು ಪಿಟೀಲು ಅತ್ತಿದ್ದರೆ ಇಡೀ ಚಿತ್ರ ಕೆಡುತ್ತಿತ್ತು. 'ವಿಧೇಯನ್' ಅಂತೂ ದಕ್ಷಿಣ ಕನ್ನಡದ ನೆಲದ ಕಥೆ, ಅದರಲ್ಲಿ ಮಲಯಾಳದ ಜೊತೆ ಕನ್ನಡವೂ ಕೇಳಿಸುತ್ತದೆ. ಹೀಗಿದ್ದೂ ಕನ್ನಡದಲ್ಲಿ ಅವರ ಹೆಸರು ಬಂದಾಗ ಈ ಮೂರು ಚಿತ್ರಗಳ ಮಾತು ಬರುವುದೇ ಇಲ್ಲ.

ಆದ್ದರಿಂದ, ಇನ್ನೊಮ್ಮೆ ಕೇಳಬೇಕೆನ್ನಿಸಿದರೆ ಮೊದಲು 'ನಾಗರಹಾವು' ನೋಡಿ, ಆಮೇಲೆ 'ವಿಧೇಯನ್' ನೋಡಿ, ನಂತರ ಬನ್ನಿ. ಹಾರ್ಮೋನಿಯಂ ತೆಗೆದಿಟ್ಟಿರುತ್ತೇನೆ. ಮೊದಲ ಚಿತ್ರದ ಯಾವ ಹಾಡನ್ನು ಬೇಕಾದರೂ ಬಾರಿಸುತ್ತೇನೆ. ಎರಡನೆಯದನ್ನು ಬಾರಿಸಿ ತೋರಿಸಿರಿ ಎಂದು ಮಾತ್ರ ಕೇಳಬೇಡಿ, ಅದು ನನ್ನ ಪೆಟ್ಟಿಗೆಗೆ ಸಿಗುವಂಥದ್ದಲ್ಲ.